ಶಿಳ್ಳೆ ಹಾಕುವ ಹಲ್ಲು

ಮಾರ್ಚ್ ೩, ಸೋಮವಾರ

ಅಪ್ಪನ ಮನೆಗೆ ಬಂದು ಇವತ್ತಿಗೆ ನಲವತ್ತೊಂದು ದಿನ. ಎಣಿಸುವುದನ್ನು ಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತೇನೆ, ಅಂದುಕೊಳ್ಳುತ್ತಲೇ ಎಣಿಸಿಬಿಡುತ್ತೇನೆ. ಇಪ್ಪತ್ತೆರಡು ವರ್ಷದ ಸಂಸಾರ ಎರಡು ಸೂಟ್‌ಕೇಸು ಮತ್ತು ಒಂದು ಮೇಜಿನ ದೀಪದಲ್ಲಿ ಮುಗಿಯಿತು. ದೀಪ ಗಂಡನದೋ ನನ್ನದೋ ಎಂದು ಇನ್ನೂ ಖಾತ್ರಿಯಿಲ್ಲ. ಕೇಳಿದರೆ ಕೊಡುವುದೋ ಬೇಡವೋ ಎಂದು ಬೆಳಗ್ಗೆ ಅರ್ಧ ಗಂಟೆ ಯೋಚಿಸಿದೆ. ಅವರು ಕೇಳುವವರಲ್ಲ. ಹೊಸದು ಕೊಂಡಿರುತ್ತಾರೆ.

ನಾನು ಕೆಲಸ ಮಾಡುವ ಮುದ್ರಣಾಲಯಕ್ಕೆ ಹೊಸ ಯಂತ್ರ ಬರುತ್ತಿದೆ, ಎರಡು ತಿಂಗಳು ಬಾಗಿಲು ಹಾಕಿದ್ದಾರೆ. ಕರಡು ತಿದ್ದಲು ಬೇರೆಯವರ ಬರಹವಿಲ್ಲದೆ ನನ್ನದನ್ನೇ ಬರೆದು ನಾನೇ ತಿದ್ದಿಕೊಳ್ಳುವ ಗತಿ ಬಂದಿದೆ.

ನಡೆದದ್ದು ಇಷ್ಟು. ಊಟದ ಮೇಜಿನ ಒಂದು ಕಾಲಿನ ಕೆಳಗೆ ಮಡಚಿಟ್ಟ ಲಕೋಟೆ ಕಂಡಿತು. ತಪ್ಪು ಕಂಡಲ್ಲಿ ಕೈ ಹಾಕುವುದು ನನ್ನ ಚಾಳಿ. ಎಳೆದೆ. ಮೇಜು ವಾಲಿ ಅಪ್ಪನ ಚಹಾ ಅಪ್ಪನ ಪತ್ರಿಕೆಯ ಮೇಲೆಲ್ಲ ಹರಿಯಿತು.

"ಅದು ಅಲ್ಲೇ ಇರಲಿ ಅಂತ ಇಟ್ಟಿದ್ದು," ಅಂದರು ಅಪ್ಪ.

ಲಕೋಟೆ ಸರ್ಕಾರದ ದಾಖಲೆ ಕಚೇರಿಯದು. ಎಂಟು ತಿಂಗಳ ಹಿಂದಿನ ಅಂಚೆ ಮುದ್ರೆ. ಒಡೆದಿರಲೇ ಇಲ್ಲ, ನಾನೇ ಒಡೆದೆ. ಸೆರೆಯಿಂದ ಮರಳಿದ ಯುದ್ಧಕೈದಿಗಳ ಮೇಲೆ ಸರ್ಕಾರದ ಮಂಡಳಿ ನಡೆಸಿದ ವಿಚಾರಣೆಯ ಕಡತಗಳು ಈಗ ಮುಕ್ತವಾಗಿವೆ, ವಾರಸುದಾರರು ಬಂದು ನೋಡಬಹುದು ಎಂದಿದೆ. ಅಜ್ಜನ ಕಡತದ ಸಂಖ್ಯೆಯೂ ಇದೆ.

ಮೇಜಿನ ಕಾಲಿಗೆ ಈಗ ನನ್ನ ಹಳೆಯ ನಿಘಂಟಿನ ಹೊದಿಕೆ ಮಡಚಿಟ್ಟಿದ್ದೇನೆ.

ಮಾರ್ಚ್ ೪, ಮಂಗಳವಾರ

ಅಜ್ಜನ ಬಗ್ಗೆ ನಮ್ಮ ಮನೆಯಲ್ಲಿ ಗೊತ್ತಿರುವುದು ಮೂರೇ ವಾಕ್ಯ. ಯುದ್ಧಕ್ಕೆ ಮುಂಚೆ ಹಲ್ಲಿನ ಸೆಟ್ ಕಟ್ಟುವ ಕೆಲಸ ಮಾಡುತ್ತಿದ್ದರು. ನಾಲ್ಕು ವರ್ಷ ಶತ್ರುಗಳ ಸೆರೆಯಲ್ಲಿದ್ದು, ಜೊತೆಯವರೆಲ್ಲ ಕಲ್ಲು ಒಡೆಯುತ್ತಿದ್ದಾಗ ಇವರು ಶಿಬಿರದ ಅಧಿಕಾರಿಗೆ ಹಲ್ಲು ಕಟ್ಟಿಕೊಟ್ಟು ಮೊಟ್ಟೆ, ಬ್ರೆಡ್ಡು ತಿಂದರು. ಬಿಡುಗಡೆಯಾಗಿ ಬಂದ ಮೇಲೆ ಒಂದೇ ಒಂದು ಹಲ್ಲನ್ನೂ ಕಟ್ಟಲಿಲ್ಲ, ಬಸ್ ಡಿಪೋದಲ್ಲಿ ಟೈರಿಗೆ ಗಾಳಿ ತುಂಬುತ್ತ ನಿವೃತ್ತರಾದರು.

ನನಗೆ ಎಂಟು ವರ್ಷವಾಗಿದ್ದಾಗ ತೀರಿಕೊಂಡರು. ಬಾಯಿಗೆ ಬೀಗ ಹಾಕಿದಂಥ ಮನುಷ್ಯ. ನಕ್ಕಿದ್ದನ್ನು ನಾನು ಕಂಡಿಲ್ಲ.

ಕಡತ ನೋಡಲು ಮಗನ ಸಹಿ ಬೇಕು. ಅಪ್ಪನ ಮುಂದೆ ಅರ್ಜಿ ಹಿಡಿದೆ.

"ಆ ಮನುಷ್ಯನ ವಿಷಯ ಈ ಮನೇಲಿ ಎತ್ತಬೇಡ."

"ಎತ್ತಲ್ಲ. ಕಚೇರೀಲಿ ಓದ್ತೀನಿ, ಅಲ್ಲೇ ಬಿಟ್ಟು ಬರ್ತೀನಿ."

"ಓದಿ ಏನು ಮಾಡ್ತೀಯಾ?"

"ಏನೂ ಇಲ್ಲ ಅಪ್ಪಾ. ಇಲ್ಲಿ ಕೂತು ಗೋಡೆ ನೋಡೋದರ ಬದಲು ಅದನ್ನ ನೋಡ್ತೀನಿ."

ಅಪ್ಪ ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು, ಎಲ್ಲಿ ಏನು ಸಿಕ್ಕಿಹಾಕಿಕೊಂಡಿದೆ ಎಂದು ನೋಡುವ ಅದೇ ನೋಟ. ಪೆನ್ನು ಕಿತ್ತುಕೊಂಡು ಸಹಿ ಹಾಕಿ, "ನನಗೆ ಬಂದು ಹೇಳಬೇಡ, ಅಷ್ಟೇ," ಅಂದರು.

ಸಹಿ ಹಾಕುವಾಗ ಅವರ ಕೈ ಗಟ್ಟಿಯಾಗಿತ್ತು. ವಿಚ್ಛೇದನಕ್ಕೆಂದು ಕೋರ್ಟಿನಲ್ಲಿ ಸಹಿ ಹಾಕುವಾಗ ನನ್ನ ಕೈ ಹಾಗಿರಲಿಲ್ಲ. ನನ್ನ ಗಂಡ ಪಕ್ಕದಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಮಾರ್ಚ್ ೧೦, ಸೋಮವಾರ

ನಲವತ್ತೆಂಟು.

ದಾಖಲೆ ಕಚೇರಿಯ ಓದುವ ಕೋಣೆ ಎಂದರೆ ಹಸಿರು ಬಟ್ಟೆ ಹೊದಿಸಿದ ಹನ್ನೆರಡು ಮೇಜು, ಸೀನಲೂ ಹೆದರುವ ಹನ್ನೆರಡು ಜನ. ಕಡತ ತಂದುಕೊಡುವವರನ್ನು ನಾನು ಶ್‌ಶ್ ಅಮ್ಮ ಎಂದು ಕರೆದಿದ್ದೇನೆ. ಪೆನ್ಸಿಲ್ ಕೆಳಗೆ ಬಿದ್ದರೆ ಶ್‌ಶ್. ಕುರ್ಚಿ ಕಿರ್ರೆಂದರೆ ಶ್‌ಶ್. ನನ್ನ ಹೊಟ್ಟೆ ಗುರುಗುಟ್ಟಿದ್ದಕ್ಕೂ ಒಂದು ಶ್‌ಶ್ ಬಿತ್ತು.

ಅಜ್ಜನ ಕಡತ ತೆಳ್ಳಗಿದೆ. ಮೊದಲ ಆರು ಹಾಳೆ ಒಬ್ಬ ಸಹಕೈದಿಯ ದೂರು. ಈತ ಅಧಿಕಾರಿಯ ಚಾಕರಿ ಮಾಡಿದ, ಬಿಸಿ ಕೋಣೆಯಲ್ಲಿ ಕೂತ, ಮೊಟ್ಟೆ ತಿಂದ. ಒಂದು ಕಡೆ ಮೊಟ್ಟೆಗಳ ಸಂಖ್ಯೆ ಒಂಬತ್ತು, ಇನ್ನೊಂದು ಕಡೆ ಹತ್ತೊಂಬತ್ತು. ಕರಡು ತಿದ್ದುವವಳ ಕೈ ತುರಿಸಿತು.

ಹೊರಗೆ ಬಂದಾಗ ಮನಸ್ಸು ಕುಗ್ಗಿತ್ತು. ಅಪ್ಪನಿಗೆ ಗೊತ್ತಿದ್ದದ್ದೇ ಸರಿ. ಬಸ್ಸಿನಲ್ಲಿ ನನ್ನ ಗಂಡನ ಥರದ್ದೇ ಕೋಟು ಹಾಕಿದ್ದ ಒಬ್ಬ ಮನುಷ್ಯ. ಎರಡು ನಿಲ್ದಾಣ ಮೊದಲೇ ಇಳಿದು ನಡೆದು ಬಂದೆ.

ಮಾರ್ಚ್ ೧೧, ಮಂಗಳವಾರ

ಅಯ್ಯೋ ದೇವರೇ! ಎಲ್ಲಿಂದ ಶುರು ಮಾಡಲಿ?

ಏಳನೇ ಹಾಳೆ. ಅಜ್ಜನ ಹೇಳಿಕೆ. ಪೆನ್ಸಿಲಿನಿಂದ ನಕಲು ಮಾಡಿಕೊಂಡಿದ್ದೇನೆ, ಅಕ್ಷರ ಅಕ್ಷರ:

"ಶಿಬಿರಾಧಿಕಾರಿಗೆ ಹಲ್ಲು ಕಟ್ಟಿದ್ದು ನಿಜ. ಶಿಳ್ಳೆ ಬರಲೆಂದೇ ಕಟ್ಟಿದೆ. ಅವನು ರಬ್ಬರ್ ಅಟ್ಟೆಯ ಬೂಟು ಹಾಕಿಕೊಂಡು ಸದ್ದಿಲ್ಲದೆ ಬಂದು ತಪಾಸಣೆ ಮಾಡುತ್ತಿದ್ದ. ನಾಲ್ಕನೇ ಬ್ಯಾರಕ್ಕಿನಲ್ಲಿ ರೇಡಿಯೋ ಇತ್ತು. ಶಿಳ್ಳೆ ಕೇಳಿದರೆ ಅಡಗಿಸಲು ಸಮಯ ಸಿಗುತ್ತಿತ್ತು."

ಶಿಳ್ಳೆ! ನಾನು ಮೂರು ಸಲ ಓದಿದೆ. ಆಮೇಲೆ ನನ್ನ ಮೂಗಿನಿಂದ ಒಂದು ವಿಚಿತ್ರ ಸದ್ದು ಹೊರಟಿತು, ಶ್‌ಶ್ ಅಮ್ಮ ಎದ್ದು ನಿಂತರು.

ಹೇಳಿಕೆಯ ಕೆಳಗೆ ಒಂದು ಸಾಲನ್ನು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. ಹೊಡೆದುಹಾಕಿದ್ದನ್ನು ಓದುವುದು ನನ್ನ ವೃತ್ತಿ. ಹಾಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಟೈಪಿನ ಅಚ್ಚು ಹಿಂಬದಿಗೆ ಉಬ್ಬಿತ್ತು. "ಮಂಡಳಿಯ ಸದಸ್ಯರು ನಕ್ಕರು."

ಆಮೇಲಿನ ಪ್ರಶ್ನೆ: ಈ ಮಾತಿಗೆ ಸಾಕ್ಷಿ ಇದೆಯೇ? ಅಜ್ಜ: ರೇಡಿಯೋ ಇಟ್ಟಿದ್ದವನು ಇದ್ದಾನೆ. ಎಲ್ಲಿ? ಗೊತ್ತಿಲ್ಲ, ಕೊನೆಯ ಚಳಿಗಾಲದಲ್ಲಿ ಎದೆ ಕಾಯಿಲೆಯಾಗಿ ಬೇರೆ ಕಡೆ ಸಾಗಿಸಿದರು. ಅಲ್ಲಿಂದ ಮುಂದಿನ ಹನ್ನೊಂದು ಪ್ರಶ್ನೆಗೂ ಒಂದೇ ಉತ್ತರ: "ಹೇಳುವುದೇನಿಲ್ಲ."

ಕೊನೆಗೆ ಮಂಡಳಿಯ ತೀರ್ಮಾನ: ಆರೋಪ ಸಾಬೀತಾಗಿಲ್ಲ, ನಿರಪರಾಧಿ ಎನ್ನಲೂ ಆಧಾರವಿಲ್ಲ.

ಹೇಳಬೇಡ ಅಂದಿದ್ದರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಚಪ್ಪಲಿ ಬಿಡುವ ಮುಂಚೆಯೇ ಅಪ್ಪನಿಗೆ ಪೂರ್ತಿ ಒಪ್ಪಿಸಿದೆ. ಅಪ್ಪ ಟೀವಿಯಿಂದ ಕಣ್ಣು ತೆಗೆಯಲಿಲ್ಲ.

"ಕಟ್ಟಿದ ಸೆಟ್ಟು ಕೆಟ್ಟಿತು. ಅದನ್ನೇ ಸಾಧನೆ ಅಂತ ಹೇಳ್ಕೊಂಡ. ಬುದ್ಧಿವಂತ."

"ಬೇಕೂಂತಲೇ ಮಾಡಿದ್ದು ಅಂತ ಇದೆ ಅಪ್ಪಾ!"

"ಯಾರು ನೋಡಿದ್ದಾರೆ?"

ಅದೂ ಸರಿಯೇ. ಯಾರು ನೋಡಿದ್ದಾರೆ? ನೋಡಿದವರೊಬ್ಬರು ಇದ್ದರಲ್ಲ!

ಮಾರ್ಚ್ ೧೪, ಶುಕ್ರವಾರ

ಮೊದಲು ಒಂದು ಅನುಮಾನ ಪರಿಹಾರವಾಗಬೇಕಿತ್ತು: ಹಲ್ಲು ಶಿಳ್ಳೆ ಹಾಕುತ್ತದೆಯೇ? ದಂತ ವೈದ್ಯರ ಸಾಲಿನ ಹಿಂದಿನ ಓಣಿಯಲ್ಲಿ ಹಲ್ಲಿನ ಸೆಟ್ ಮಾಡುವವರೊಬ್ಬರು ಇದ್ದಾರೆಂದು ತಿಳಿದು ಹೋದೆ. ಕೋಣೆ ಬಚ್ಚಲಿಗಿಂತ ಸ್ವಲ್ಪ ದೊಡ್ಡದು. ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿದ್ದವು. ಮಧ್ಯದಲ್ಲಿ ಬಿಳಿ ಪುಡಿ ಮೆತ್ತಿದ ಅರವತ್ತರ ಆಸಾಮಿ.

"ಶಿಳ್ಳೆ ಬರೋ ಹಲ್ಲು ಬೇಕಾ?" ಅಂದರು. "ಮೂವತ್ತೈದು ವರ್ಷದಲ್ಲಿ ಶಿಳ್ಳೆ ನಿಲ್ಲಿಸಿ ಅಂತ ಬಂದವರೇ ಎಲ್ಲ. ಬೇಕು ಅಂತ ಬಂದವರು ನೀವೇ ಮೊದಲು."

ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ದವಡೆ ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ ಮಾತಿಲ್ಲದೆ ತಮ್ಮ ಬಾಯಿಂದ ಮೇಲಿನ ಸೆಟ್ಟನ್ನೇ ತೆಗೆದರು! ಮುಂದಿನ ಹಲ್ಲುಗಳ ಹಿಂದೆ, ಅಂಗುಳಿನ ಜಾಗಕ್ಕೆ, ಬಿಸಿ ಮೇಣ ಮೆತ್ತಿ ನಡುವೆ ಸಣ್ಣ ಕಾಲುವೆಯಂತೆ ಕೊರೆದು ಮತ್ತೆ ಹಾಕಿಕೊಂಡರು.

"ಸ್ವಲ್ಪ ಸರಿದು ಸಾಲಿನಲ್ಲಿ ನಿಲ್ಲಿ," ಅಂದರು.

ಸುಂಯ್ ಸುಂಯ್ ಸುಂಯ್! ನಾನು ಕೂತಿದ್ದ ಸ್ಟೂಲಿನಿಂದ ಜಾರಿದೆ. ಅವರು ಮತ್ತೆ ಹೇಳಿದರು. "ಸಾಸಿವೆ! ಸಂಸಾರ! ಸಹಸ್ರ ಸಲ!" ಪಕ್ಕದ ದಂತ ವೈದ್ಯರ ಸಹಾಯಕಿ ಇಣುಕಿ ನೋಡಿ ಹೋದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಣ್ಣೊರೆಸಿಕೊಳ್ಳುತ್ತ ಅವರು ಹೇಳಿದ್ದು ಮಾತ್ರ ಮುಖ್ಯ:

"ಒಂದು ಸಲ ಕೈತಪ್ಪಿ ಹೀಗಾಗಬಹುದು, ಇಲ್ಲ ಅನ್ನಲ್ಲ. ಆದರೆ ಗುರುತು ಹಿಡಿಯೋ ಹಂಗೆ, ದೂರಕ್ಕೆ ಕೇಳೋ ಹಂಗೆ ಬರಬೇಕು ಅಂದ್ರೆ, ಆತ ಕೂರಿಸಿಕೊಂಡು ಮಾತಾಡಿಸಿ ಮಾತಾಡಿಸಿ ಉಜ್ಜಿರಬೇಕು. ಒಳ್ಳೇ ಕೆಲಸಗಾರನೇ ಮಾಡಬೇಕಾದ ಕೆಟ್ಟ ಕೆಲಸ ಇದು."

ಬಾಗಿಲವರೆಗೂ ಬಂದು ಬೀಳ್ಕೊಟ್ಟರು. "ಸಿಗೋಣ," ಅಂದರು. ಸುಂಯ್.

ದಾರಿಯುದ್ದಕ್ಕೂ ನನ್ನೊಳಗೇ ನಗುತ್ತಿದ್ದೆ. ನೋಡಿದವರು ಹುಚ್ಚಿ ಅಂದುಕೊಂಡಿರಬೇಕು.

ಮಾರ್ಚ್ ೧೭, ಸೋಮವಾರ

ರೇಡಿಯೋದವರ ಸುಳಿವಿಲ್ಲ. ಕೈದಿಗಳ ಪಟ್ಟಿಯಲ್ಲಿ ಹೆಸರು ಸಿಕ್ಕಿತು, ಹುಟ್ಟಿದ ವರ್ಷ ಸಿಕ್ಕಿತು. ಬದುಕಿದ್ದರೆ ತೊಂಬತ್ತೊಂದು. ಶ್‌ಶ್ ಅಮ್ಮ ತಾವಾಗಿಯೇ ಕ್ಷಯರೋಗಿಗಳ ಆಸ್ಪತ್ರೆಯ ದಾಖಲೆ ಹುಡುಕಿ ತಂದರು. ಎರಡು ವರ್ಷ ಅಲ್ಲಿದ್ದು ಗುಣವಾಗಿ ಹೊರಟರಂತೆ. ಯಾವ ಊರಿಗೆ ಎಂದಿಲ್ಲ.

ಲಾಯರರಿಂದ ದಪ್ಪ ಲಕೋಟೆ ಬಂದಿದೆ. ಕೊನೆಯ ಕಾಗದವಂತೆ, ಸಹಿ ಹಾಕಿ ಕಳಿಸಬೇಕಂತೆ. ಕೈಗೆ ಬೇರೆ ಹಾಳೆ ಸಿಗಲಿಲ್ಲ, ಅದರಲ್ಲೇ ಒಂದರ ಹಿಂಬದಿಗೆ ನಾಲ್ಕು ಬ್ಯಾರಕ್ಕು, ಅಧಿಕಾರಿಯ ಕೋಣೆ, ನಡುವಿನ ಅಂಗಳದ ನಕ್ಷೆ ಬರೆದುಕೊಂಡೆ. ಕಡತದ ಪ್ರಕಾರ ಅಧಿಕಾರಿಯ ಬಾಗಿಲಿಂದ ನಾಲ್ಕನೇ ಬ್ಯಾರಕ್ಕಿಗೆ ತೊಂಬತ್ತು ಹೆಜ್ಜೆ. ಶಿಳ್ಳೆ ತೊಂಬತ್ತು ಹೆಜ್ಜೆ ದೂರಕ್ಕೆ ಕೇಳುತ್ತದೆಯೇ? ಓಣಿಯಲ್ಲಿ ನಿಂತು ಹಾಲಿನವನ ಕೈಲಿ ಹಾಕಿಸಿದೆ. ಕೇಳುತ್ತದೆ!

ಮಾರ್ಚ್ ೨೧, ಶುಕ್ರವಾರ

ಇವತ್ತಿಗೆ ಐವತ್ತೋ ಅರವತ್ತೋ ದಿನ. ಆಮೇಲೆ ಲೆಕ್ಕ ಮಾಡಿದರಾಯಿತು.

ಟೆಲಿಫೋನ್ ಡೈರೆಕ್ಟರಿಯಲ್ಲಿ ರೇಡಿಯೋದವರ ಮನೆತನದ ಹೆಸರಿನವರು ಮೂವತ್ತೊಂದು ಜನ. ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದೆ. ಮೊದಲಿನವರಿಗೆ, "ನಿಮ್ಮ ಮನೇಲಿ ಯಾರಾದರೂ ಯುದ್ಧಕೈದಿ ಇದ್ದರಾ?" ಎಂದು ಕೇಳಿದೆ. ಆತ, "ನಾನೇ, ನನ್ನ ಹೆಂಡತಿ ಮನೇಲಿ," ಎಂದು ಹೇಳಿ ತಾನೇ ನಕ್ಕು ಇಟ್ಟುಬಿಟ್ಟ. ಐದನೆಯ ಅಜ್ಜಿ ಸೋಪು ಮಾರುವವಳು ಎಂದುಕೊಂಡು ಬೈದರು. ಒಂಬತ್ತನೆಯವರು ಯುದ್ಧದ ಬಗ್ಗೆ ನಲವತ್ತು ನಿಮಿಷ ಮಾತಾಡಿದರು, ಕೊನೆಗೆ ನೋಡಿದರೆ ಅವರು ಹುಟ್ಟಿದ್ದೇ ಯುದ್ಧ ಮುಗಿದು ಹತ್ತು ವರ್ಷಕ್ಕೆ.

ಹದಿನೇಳನೆಯದು ಹೆಂಗಸಿನ ದನಿ. ನಾನು ಒದರಿ ಒದರಿ ಬಾಯಿಪಾಠವಾಗಿದ್ದನ್ನು ಹೇಳಿದೆ: ನಮ್ಮ ಅಜ್ಜ ಶಿಬಿರದಲ್ಲಿ ಹಲ್ಲು ಕಟ್ಟುತ್ತಿದ್ದರು...

ಅತ್ತ ಕಡೆ ಏನೋ ಬಿದ್ದ ಸದ್ದು. ಆಮೇಲೆ ಕಿವಿ ತೂತಾಗುವ ಕೂಗು. ನನ್ನ ಕಡೆಗಲ್ಲ, ಮನೆಯೊಳಕ್ಕೆ:

"ಅಪ್ಪಾ! ಅಪ್ಪಾ! ಶಿಳ್ಳೆ ಹಲ್ಲಿನವರ ಮೊಮ್ಮಗಳಂತೆ!"

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫೋನಿನ ತಂತಿ ಬಿಡುವಷ್ಟು ದೂರ ಕುಣಿದೆ. ಬದುಕಿದ್ದಾರೆ! ಕಿವಿ ಚುರುಕಾಗಿದೆ, ಮಂಡಿ ಮಾತ್ರ ಕೈಕೊಟ್ಟಿದೆಯಂತೆ. ಮಗಳು ಉಸಿರು ಬಿಡದೆ ಮಾತಾಡಿದರು. "ನಮ್ಮನೇಲಿ ನಿಮ್ಮ ಅಜ್ಜನ್ನ ಗೊತ್ತಿಲ್ಲದವರೇ ಇಲ್ಲ ಕಣ್ರೀ. ನಾವು ಮಲಗೋವಾಗ ಕೇಳಿದ್ದು ಆ ಕಥೆ, ನಮ್ಮ ಮಕ್ಕಳು ಕೇಳಿದ್ದು ಆ ಕಥೆ. ಅವರಿಗೆ ಸರ್ಕಾರದವರು ಪದಕ ಗಿದಕ ಕೊಟ್ಟಿರಬೇಕಲ್ಲ?"

"ಬಂದು ಹೇಳ್ತೀನಿ," ಅಂದೆ.

ಮಾರ್ಚ್ ೨೨, ಶನಿವಾರ

ಅಪ್ಪ ಬರುವುದಿಲ್ಲವಂತೆ.

"ನೀನು ಹೋಗು. ಕೇಳ್ಕೊಂಡು ಬಾ."

"ಅವರು ನಿಮ್ಮನ್ನೇ ಕೇಳಿದ್ರು. ಮಗ ಇದ್ದಾನಲ್ವಾ, ಅವನನ್ನ ಕರ್ಕೊಂಡು ಬಾ ಅಂತ."

ಅಪ್ಪ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ಏನನ್ನೂ ತೊಳೆಯದೆ ನಿಲ್ಲಿಸಿ ವಾಪಸು ಬಂದರು. ಬಾಗಿಲಲ್ಲೇ ನಿಂತು ಹೇಳಿದರು.

"ನನಗೆ ಹದಿನಾಲ್ಕು ವರ್ಷ. ಶಾಲೇಲಿ ಯಾರೋ ಆಡ್ಕೊಂಡ್ರು. ಮನೆಗೆ ಬಂದವನೇ, ಅಪ್ಪ ಊಟಕ್ಕೆ ಕೂತಿದ್ದರು, ಅವರ ಮುಖಕ್ಕೇ ಅಂದೆ. ನೀವು ಅಲ್ಲೇ ಸತ್ತಿದ್ದರೆ ಚೆನ್ನಾಗಿತ್ತು ಅಂತ."

"ಅವರೇನಂದ್ರು?"

"ಏನೂ ಇಲ್ಲ. ತಟ್ಟೆ ತೊಳೆದಿಟ್ಟು ಡಿಪೋಗೆ ಹೋದರು." ಬಾಗಿಲ ಚೌಕಟ್ಟು ಹಿಡಿದುಕೊಂಡು, "ಈ ಮುಖ ಹೊತ್ಕೊಂಡು ಅವರ ಮುಂದೆ ಹೋಗಿ ಕೂತ್ಕೋ ಅಂತೀಯಾ?"

ನಾನು ಒಲೆ ಹಚ್ಚಿದೆ. ಇಬ್ಬರಿಗೂ ಮೊಟ್ಟೆ ಹುರಿದೆ. ಮೊಟ್ಟೆ ಎಂದು ಹೊಳೆದದ್ದು ತಟ್ಟೆಗೆ ಹಾಕಿದ ಮೇಲೆ. ಅಪ್ಪನಿಗೂ ಹೊಳೆಯಿತು. ಇಬ್ಬರೂ ತಲೆ ಎತ್ತದೆ ತಿಂದೆವು.

ಮಾರ್ಚ್ ೨೯, ಶನಿವಾರ

ಬರೆಯಲು ಬಹಳವಿದೆ, ಪಕ್ಕೆ ನಕ್ಕು ನಕ್ಕು ನೋಯುತ್ತಿದೆ.

ಬೆಳಗ್ಗೆ ಆರಕ್ಕೆ ಎದ್ದು ನೋಡಿದರೆ ಅಪ್ಪ ಕೋಟು ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ. "ಬಸ್ಸು ತಪ್ಪಿದರೆ ನಿನ್ನಿಂದಲೇ," ಅಂದರು. ಮೂರು ಗಂಟೆ ಪ್ರಯಾಣ. ಅಪ್ಪ ಇಡೀ ದಾರಿ ಟಿಕೆಟ್ಟನ್ನು ಮಡಚಿ ಮಡಚಿ ನೂಲು ಮಾಡಿದರು.

ಆರನೇ ಮಹಡಿಯ ಮನೆ. ಬಾಗಿಲು ತೆಗೆಯುವ ಮುಂಚೆ ಒಳಗೆ ಗದ್ದಲ, ತೆಗೆದ ಮೇಲೆ ಸ್ತಬ್ಧ. ಮಗಳು, ಅಳಿಯ, ಮೊಮ್ಮಕ್ಕಳು, ಮರಿಮಕ್ಕಳು, ಒಟ್ಟು ಹದಿನಾಲ್ಕು ಜನ ಸಾಲಾಗಿ ನಿಂತಿದ್ದಾರೆ. ನಡುವೆ ಗಾಲಿಕುರ್ಚಿಯಲ್ಲಿ ಒಣಗಿದ ಕಡ್ಡಿಯಂಥ ರೇಡಿಯೋದವರು. ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಬಾಪ್ಪಾ," ಅಂದರು. "ಕಿವಿ ಅವರದ್ದೇ."

ಎಪ್ಪತ್ತನಾಲ್ಕು ವರ್ಷದ ನಮ್ಮಪ್ಪ ಶಾಲೆಯ ಮೊದಲ ದಿನದ ಹುಡುಗನ ಹಾಗೆ ಹೋಗಿ ಪಕ್ಕದಲ್ಲಿ ಕೂತರು.

"ನಿಮ್ಮ ಮನೇಲಿ ಅವರು ಈ ಕಥೆ ಹೇಗೆ ಹೇಳ್ತಿದ್ರು?" ಒಬ್ಬ ಮೊಮ್ಮಗಳು ಆಸೆಯಿಂದ ಕೇಳಿದಳು.

ಅಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಹೇಳಲಿಲ್ಲಮ್ಮ," ಅಂದರು. "ನಾವು ಕೇಳಲೂ ಇಲ್ಲ."

ಆಮೇಲೆ ನಾನು ವಿಚಾರಣೆಯ ವಿಷಯ ಹೇಳಬೇಕಾಯಿತು. ಮಂಡಳಿ ನಕ್ಕಿದ್ದನ್ನೂ ಹೇಳಿದೆ. ರೇಡಿಯೋದವರು ಕಣ್ಣು ಮುಚ್ಚಿಕೊಂಡು ಕೇಳಿದರು. ನನಗೆ ಗೊತ್ತಿರಲಿಲ್ಲ, ನನಗೆ ಗೊತ್ತೇ ಇರಲಿಲ್ಲ ಎಂದು ಎರಡು ಸಲ ಹೇಳಿದರು. ಆಸ್ಪತ್ರೆಯಿಂದ ಬಂದ ಮೇಲೆ ಅಜ್ಜನಿಗೆ ಬರೆದಿದ್ದರಂತೆ, ನಿಮ್ಮ ಮನೆಗೆ ಬರುತ್ತೇನೆ ಎಂದು. ಉತ್ತರವಾಗಿ ಬಂದ ಕಾರ್ಡನ್ನು ಮಗಳು ತಂದು ಅಪ್ಪನ ಕೈಗೆ ಕೊಟ್ಟರು. "ಬರಬೇಡಿ. ಆ ಕಥೆ ಇಲ್ಲಿ ಯಾರಿಗೂ ಬೇಕಾಗಿಲ್ಲ. ನೀವು ಉಳಿದಿರಲ್ಲ, ನನಗೆ ಅಷ್ಟು ಸಾಕು." ಅಪ್ಪ ಕಾರ್ಡನ್ನು ತಿರುಗಿಸಿ, ಮತ್ತೆ ತಿರುಗಿಸಿ, ಅಂಚೆ ಮುದ್ರೆಯ ವರ್ಷ ನೋಡಿದರು. ತುಟಿ ಅಲುಗಿತು. ಹದಿನಾಲ್ಕನೇ ವರ್ಷದ ಲೆಕ್ಕ ಹಾಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ಲೆಕ್ಕ ಏನು ಬಂತೆಂದು ಕೇಳಲಿಲ್ಲ.

ಕೋಣೆ ಭಾರವಾಯಿತು. ಆಗ ರೇಡಿಯೋದವರು ಕುರ್ಚಿಯ ಕೈ ತಟ್ಟಿದರು.

"ಸರಿ. ಎಲ್ಲರೂ ಕೂತ್ಕೊಳ್ಳಿ. ಅವರ ಮಗ ಬಂದಿದ್ದಾನೆ. ಇವತ್ತು ಪೂರ್ತಿ ಹೇಳ್ತೀನಿ."

ಹದಿನಾಲ್ಕು ಜನ ದಬದಬನೆ ಕೂತರು. ಎಷ್ಟನೆಯ ಸಲವೋ ಏನೋ, ಮುಖ ನೋಡಿದರೆ ಇದೇ ಮೊದಲು ಎನ್ನಬೇಕು.

"ಆ ಅಧಿಕಾರಿ ತೋಪು ಹಾರಿಸೋ ದಳದವನು. ಕುದುರೆ ಒದ್ದು ಮೇಲಿನ ಹಲ್ಲು ಪೂರ್ತಿ ಹೋಗಿತ್ತು. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರ್ತಿರಲಿಲ್ಲ, ನಡೀತಾ ನಡೀತಾ ಪಕ್ಕದ ಸಿಪಾಯಿಗೆ ಪಿಸುಗುಟ್ಟಿ ಬೈಯೋದೇ ಕೆಲಸ. ಹಲ್ಲಿಲ್ಲದೆ ಬೈದರೆ ಯಾರಿಗೆ ಭಯ? ನಿಮ್ಮಪ್ಪನ್ನ ಕರೆಸಿದ. ಒಪ್ಪಿಕೊಂಡ್ರು. ನಾವೆಲ್ಲ ಮೂರು ವಾರ ಅವರ ಜೊತೆ ಮಾತು ಬಿಟ್ವಿ. ನಾನೂ ಬಿಟ್ಟೆ. ಒಂದು ದಿನ ಅಳತೆ ತಗೊಳ್ಳೋವಾಗ ಒಲೆ ಮೇಲೆ ಕೆಟಲ್ಲು ಕುದಿದು ಕೂಗಿಕೊಳ್ತು. ಅಧಿಕಾರಿ ತಿರುಗಿ ನೋಡಲೇ ಇಲ್ಲ! ತೋಪಿನ ಸದ್ದಿಗೆ ಕಿವಿ ಹೋಗಿತ್ತು, ಚೂಪು ದನಿ ಒಂದೂ ಅವನಿಗೆ ಕೇಳ್ತಿರಲಿಲ್ಲ. ನಿಮ್ಮಪ್ಪ ಅವತ್ತು ನನ್ನ ಹತ್ರ ಬಂದು ಕಿವೀಲಿ ಹೇಳಿದ್ರು, ಈ ಬೆಕ್ಕಿಗೆ ಅದರ ಬಾಯಲ್ಲೇ ಗಂಟೆ ಕಟ್ತೀನಿ ಅಂತ."

ಏಳು ಸಲ ಅಧಿಕಾರಿಯನ್ನು ಕೂರಿಸಿಕೊಂಡು 'ಸ' ಹೇಳಿಸಿದರಂತೆ. ಏಳು ಸಲವೂ ಉಜ್ಜಿ ಉಜ್ಜಿ ಕೂರಿಸಿದರಂತೆ. ಎಂಟನೇ ದಿನ ಅಧಿಕಾರಿ ಹೊಸ ಹಲ್ಲು ಹಾಕಿಕೊಂಡು ನಾನೂರು ಕೈದಿಗಳ ಮುಂದೆ ಭಾಷಣಕ್ಕೆ ನಿಂತ. ಇಲ್ಲಿ ರೇಡಿಯೋದವರು ಎದೆ ಉಬ್ಬಿಸಿ, ಗಲ್ಲ ಮೇಲೆತ್ತಿ, "ಸೈನಿಕರೇ!" ಅಂದರು. ಶಿಳ್ಳೆ ಹೊರಟಿತು. ಕೋಣೆಯಲ್ಲಿದ್ದ ಮರಿಮಕ್ಕಳೆಲ್ಲ ಒಟ್ಟಿಗೆ ಬೊಗಳಿದರು!

"ನಾಯಿ!" ಎಂದರು ಮಗಳು, ನನಗೆ ವಿವರಿಸುತ್ತ. "ಅವನ ನಾಯಿ! ಶಿಳ್ಳೆ ಕೇಳಿದಾಗಲೆಲ್ಲ ಕರೀತಿದ್ದಾನೆ ಅಂತ ಓಡಿ ಬರ್ತಿತ್ತು!"

"ಶಿಸ್ತು ಅಂದ, ನಾಯಿ ಬಂತು. ಶಿಕ್ಷೆ ಅಂದ, ನಾಯಿ ಬಂತು. ಹೋಗು ಅಂತ ಒದ್ದ, ಹೋಯಿತು. ಸತ್ಯಸಂಧತೆ ಅಂದ. ನಾಯಿ ಗಾಳಿಯಲ್ಲೇ ಬಂತು!"

ಆಗ ಒಂದು ಸದ್ದು ಕೇಳಿತು, ತುಕ್ಕು ಹಿಡಿದ ಬಾಗಿಲು ತೆರೆದಂತೆ. ಅಪ್ಪ ನಗುತ್ತಿದ್ದರು. ಮೊದಲು ಭುಜ, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿ ಸಮೇತ ಅಲುಗಾಡುತ್ತ. ಅವರ ನಗು ನೋಡಿ ನನಗೆ ನಗು, ನನ್ನ ನಗು ನೋಡಿ ಮಕ್ಕಳಿಗೆ. ಮಕ್ಕಳು ಇನ್ನೂ ಬೊಗಳುತ್ತಲೇ ಇದ್ದರು. ಕೆಳಗಿನ ಮನೆಯವರು ಚಾವಣಿ ಕುಟ್ಟಿದರು.

ಹತ್ತೊಂಬತ್ತು ತಿಂಗಳು, ಆರು ಹಠಾತ್ ತಪಾಸಣೆ. ಆರು ಸಲವೂ ಶಿಳ್ಳೆ ಮೊದಲು ಬಂತು, ಅಧಿಕಾರಿ ಆಮೇಲೆ ಬಂದ. ರೇಡಿಯೋ ಸಿಕ್ಕಿದ್ದರೆ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಗುಂಡು ಹೊಡೆಯುತ್ತಿದ್ದರು ಎಂದರು ರೇಡಿಯೋದವರು. ಸಾಲಾಗಿ ಕೂತಿದ್ದ ಹದಿನಾಲ್ಕು ಜನರನ್ನು ಕೈಯಿಂದ ತೋರಿಸಿದರು.

ಅಪ್ಪ ಕಣ್ಣೊರೆಸಿಕೊಂಡು ಕೇಳಿದರು. "ಜೊತೆಯವರಿಗೆ ಯಾಕೆ ಹೇಳಲಿಲ್ಲ? ಹೇಳಿದ್ರೆ ಯಾರೂ ಬೈತಿರಲಿಲ್ಲವಲ್ಲ."

"ನಾನೂರು ಜನರಲ್ಲಿ ಒಬ್ಬ ಕಿಸಕ್ಕಂದರೆ ಮುಗೀತು. ನಮ್ಮ ಮೂರೇ ಜನಕ್ಕೆ ಗೊತ್ತಿದ್ದದ್ದು. ಒಬ್ಬ ಅಲ್ಲೇ ತೀರಿಕೊಂಡ. ಬೈಸ್ಕೊಳ್ತೀನಿ ಬಿಡು, ಊರಿಗೆ ಹೋದ ಮೇಲೆ ಎಲ್ಲ ಹೇಳ್ತೀನಲ್ಲ ಅಂತಿದ್ರು ಅವರು." ರೇಡಿಯೋದವರು ಅಪ್ಪನ ಮಣಿಕಟ್ಟು ಹಿಡಿದುಕೊಂಡರು. "ಇನ್ನೊಂದು ಮಾತು. ಇಷ್ಟು ವರ್ಷ ನಾನು ಹೇಳ್ತಿರೋದು ನನ್ನ ಕಥೆ ಅಲ್ಲಪ್ಪಾ. ಆ ಎದೆ ಉಬ್ಬಿಸೋದು, ಆ ನಾಯಿ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಏರಿಸಬೇಕು, ಎಲ್ಲ ಅವರದ್ದು. ಸಂಜೆ ಹೊತ್ತು ನನ್ನ ಮುಂದೆ ನಿಂತು ಮಾಡಿ ತೋರಿಸೋರು. ಇಲ್ಲಿ ನಗ್ತಾನಾ? ನಾಯಿನ ಮೊದಲೇ ತರಲಾ? ಅಂತ ಕೇಳೋರು. ಮಗ ಅಂತ ನನಗೊಬ್ಬ ಇದ್ದಾನೆ, ಬಿಟ್ಟು ಬಂದಾಗ ಮೂರು ವರ್ಷ, ನನ್ನ ಗುರುತು ಹಿಡಿಯಲ್ಲ, ಹೋದ ತಕ್ಷಣ ಇದೊಂದು ಹೇಳಿ ನಗಿಸಿಬಿಟ್ಟರೆ ಸಾಕು, ದೋಸ್ತಿ ಆಗ್ತಾನೆ ಅನ್ನೋರು. ಇದು ನಿನಗೆ ಅಂತಲೇ ಕಟ್ಟಿದ್ದು. ನನ್ನ ಹತ್ರ ಉಳಿದುಬಿಟ್ಟಿತ್ತು."

ಅಪ್ಪ ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಆಮೇಲೆ ಮೂಗು ಸೀಟಿ, ಕುರ್ಚಿಯನ್ನು ರೇಡಿಯೋದವರ ಹತ್ತಿರಕ್ಕೆ ಎಳೆದುಕೊಂಡು,

"ಇನ್ನೊಂದು ಸಲ ಹೇಳಿ," ಅಂದರು. "ಮೊದಲಿಂದ."

ಮೂರು ಸಲ ಹೇಳಿದರು! ಮೂರನೆಯ ಸಲ ನಾಯಿಯ ಪಾಲು ಅಪ್ಪನದೇ.

ಏಪ್ರಿಲ್ ೧, ಮಂಗಳವಾರ

ರೇಡಿಯೋದವರ ಸಹಿ ಹಾಕಿದ ಹೇಳಿಕೆಯನ್ನು ದಾಖಲೆ ಕಚೇರಿಗೆ ಕೊಟ್ಟು ಬಂದೆ. ಕಡತಕ್ಕೆ ಸೇರಿಸುತ್ತಾರೆ. ಶ್‌ಶ್ ಅಮ್ಮ ನಿಂತಲ್ಲೇ ಓದತೊಡಗಿದರು. ನಾಯಿಯ ಭಾಗಕ್ಕೆ ಬಂದವರು ತಡೆಯಲಾರದೆ ಗಹಗಹಿಸಿ ನಕ್ಕರು. ಹನ್ನೆರಡು ಮೇಜಿನಿಂದಲೂ "ಶ್‌ಶ್!"

ಓಣಿಯ ಹಲ್ಲಿನ ಸೆಟ್ಟಿನವರಿಗೂ ಹೋಗಿ ಹೇಳಿದೆ. ಏಳು ಸಲ ಉಜ್ಜಿದ್ದು ಎಂದಾಗ, "ನಾನು ಹೇಳಲಿಲ್ವಾ!" ಎಂದು ಮೇಜು ಗುದ್ದಿ ನಾಲ್ಕು ದವಡೆ ಬೀಳಿಸಿದರು.

ಲಾಯರರ ಕಾಗದಕ್ಕೆ ಸಹಿ ಹಾಕಿ ಬೆಳಗ್ಗೆಯೇ ಅಂಚೆಗೆ ಹಾಕಿದ್ದೆ. ಒಂದು ಹಾಳೆಯ ಹಿಂದೆ ಬ್ಯಾರಕ್ಕಿನ ನಕ್ಷೆ ಇದೆ ಎಂದು ಈಗ ನೆನಪಾಯಿತು. "ಇಲ್ಲಿ ನಾಯಿ?" ಎಂದು ಬಾಣದ ಗುರುತು ಬೇರೆ ಹಾಕಿದ್ದೆ. ನ್ಯಾಯಾಧೀಶರು ಏನು ಬೇಕಾದರೂ ಅಂದುಕೊಳ್ಳಲಿ! ನಕ್ಷೆಯ ಇನ್ನೊಂದು ಪ್ರತಿ ಬರೆದಿಟ್ಟುಕೊಳ್ಳಬೇಕು.

ಏಪ್ರಿಲ್ ೫, ಶನಿವಾರ

ಯಂತ್ರ ಬಂದಿದೆಯಂತೆ, ಸೋಮವಾರದಿಂದ ಕೆಲಸ. ಹೊಸ ಬೂಟು ಕೊಂಡೆ.

ಅಪ್ಪ ಬೆಳಗ್ಗೆ ಒಬ್ಬರೇ ಬಸ್ಸು ಹತ್ತಿ ರೇಡಿಯೋದವರ ಮನೆಗೆ ಹೋಗಿದ್ದಾರೆ. ನಾನೂ ಬರುತ್ತೇನೆಂದರೆ, "ನಿನಗ್ಯಾಕೆ, ನಮ್ಮದು ಬೇರೆ ಮಾತಿರುತ್ತೆ," ಅಂದರು. ಮಧ್ಯಾಹ್ನದವರೆಗೂ ಫೋನಿಲ್ಲ. ನಾನು ಚಹಾ ಮಾಡಿ ಕುಡಿಯುವುದು ಮರೆತು ಮತ್ತೆ ಮಾಡಿದೆ. ಎರಡು ಗಂಟೆಗೆ ಫೋನು ಬಡಿದುಕೊಂಡಿತು.

"ತಲುಪಿದ್ರಾ ಅಪ್ಪಾ? ಇಷ್ಟು ಹೊತ್ತಾ?"

"ಕೆಳಗೆ ಗೇಟಲ್ಲಿ ಕಾವಲಿನವನು ಬಿಡಲಿಲ್ಲ. ಹೋದ ಸಲ ಇದ್ದವನಲ್ಲ, ಬೇರೆಯವನು. ಕುರ್ಚೀಲಿ ಕಾಲು ಚಾಚ್ಕೊಂಡು ಕೂತಿದ್ದ. ಯಾರು ಬೇಕು, ನೀವು ಯಾರು, ಅಂತ ಗದರಿಸಿದ."

"ಏನಂದ್ರಿ?"

"ಏನನ್ನಲಿ, ಇದ್ದದ್ದು ಹೇಳಿದೆ. ಯುದ್ಧದಲ್ಲಿ ಶಿಬಿರದ ಅಧಿಕಾರಿಗೆ ಹಲ್ಲು ಕಟ್ಟಿದ್ರಲ್ಲ, ಅವರ ಮಗ ಅಂತ."

"ಆಮೇಲೆ?"



"ಎದ್ದು ನಿಂತ್ಕೊಂಡ, ಮಗಳೇ. ಆ ಮನೆ ಮಕ್ಕಳು ಅವನಿಗೂ ಕಥೆ ಹೇಳಿಬಿಟ್ಟಿದ್ದಾರೆ. ಕುರ್ಚಿ ಹಿಂದಕ್ಕೆ ಬಿತ್ತು, ಹಂಗೆ ಎದ್ದ. ಟೋಪಿ ತೆಗೆದ. ಲಿಫ್ಟಿನವರೆಗೂ ಬಂದು ಬಾಗಿಲು ಹಿಡ್ಕೊಂಡು ನಿಂತಿದ್ದ."

ಅತ್ತ ಕಡೆ ಹಿಂದೆ ಮಕ್ಕಳ ಗಲಾಟೆ, ಯಾರೋ ಬೊಗಳುತ್ತಿದ್ದರು.

"ಇಡ್ತೀನಿ, ಇಡ್ತೀನಿ," ಅಂದರು ಅಪ್ಪ ಅವಸರದಲ್ಲಿ. "ಶುರು ಮಾಡ್ತಿದ್ದಾರೆ."